ದೇವರ ಪರವಾಗಿ ವಾಲ್ಟರ್

ಇಪ್ಪತ್ತು ವರ್ಷಗಳಿಂದ ವಿನೋದಾ ವಾಲ್ಟರನಿಗೆ ಮಾಡುತ್ತ ಬಂದ ಅನ್ಯಾಯ ಒಂದೇ: ಅವಳು ಅವನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪೊಲೀಸರ ಹತ್ತಿರ ಹೋಗಿದ್ದರೆ ಒಬ್ಬ ವಕೀಲನನ್ನು ಹಿಡಿಯಬಹುದಿತ್ತು. ಅವಳು ಅದೊಂದನ್ನೂ ಮಾಡದೆ, ಪ್ರತಿ ಭಾನುವಾರ ಗುಡ್ಡೆ ಚರ್ಚಿನ ಎಡಗಡೆಯ ಮೂರನೆಯ ಬೆಂಚಿನಲ್ಲಿ ಕೂತು, ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು ಎಲ್ಲರ ಕೈ ಕುಲುಕಿ, ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳುತ್ತಿದ್ದಳು: "ದೇವರು ನೋಡ್ತಾನೆ ವಾಲ್ಟರಣ್ಣ."

ನೋಡಲಿ. ನೋಡುವುದಕ್ಕೆ ವಾಲ್ಟರನ ಅಡ್ಡಿಯಿರಲಿಲ್ಲ. ಇಪ್ಪತ್ತು ವರ್ಷ ಸುಮ್ಮನೆ ನೋಡಿಕೊಂಡೇ ಇರುವ ದೇವರು ಅವನಿಗೆ ಬಹಳ ಅನುಕೂಲದ ದೇವರು. ಅವನಿಗೆ ಸಹಿಸಲಾಗದ್ದು ಉಳಿದವರು ನೋಡುತ್ತಿದ್ದ ರೀತಿ. ಅವನ ಕಾರು ಹಂಪನಕಟ್ಟೆಯಲ್ಲಿ ಬಸ್ಸಿಗೆ ತಾಗಿದರೆ, ಅವನಿಗೆ ಕಾಮಾಲೆಯಾದರೆ, ಕೊನೆಗೆ ಹಲ್ಲು ನೋವಾದರೂ ಚರ್ಚಿನ ಸಭೆಯ ಹೆಂಗಸರು ಪರಸ್ಪರ ಮುಖ ನೋಡಿಕೊಂಡು "ಹಾಂ" ಎನ್ನುತ್ತಿದ್ದರು. ಆ "ಹಾಂ" ಅವನೊಬ್ಬನಿಗೇ ಮೀಸಲೇನಲ್ಲ. ಹಿರಿಯ ಎಡ್ವಿನ್ ಮಾಸ್ಟ್ರು ಎರಡು ಭಾನುವಾರ ಚರ್ಚಿಗೆ ಬಾರದೆ ಮೂರನೆಯ ವಾರ ಜಾರಿ ಬಿದ್ದಾಗಲೂ ಅದೇ "ಹಾಂ" ಕೇಳಿತ್ತು. ಸ್ವತಃ ಎಡ್ವಿನ್ ಮಾಸ್ಟ್ರೇ, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು, ಹಾಸಿಗೆಯಲ್ಲಿ ಮಲಗಿ, "ಹಾಂ, ನನಗೆ ಬೇಕಿತ್ತು" ಎಂದಿದ್ದರು. ಬಚ್ಚಲುಮನೆಯ ಪಾಚಿಯನ್ನು ಯಾರೂ ದೂರಲಿಲ್ಲ.

ಇಂಥವರ ನಡುವೆ ಅರವತ್ತೆರಡು ವರ್ಷ ಬದುಕಿ, ಅದರಲ್ಲಿ ಮೂವತ್ತು ವರ್ಷ ಅವರಿಗೆ ಹಾಡು ಕಲಿಸಿ, ವಾಲ್ಟರ್ ಒಂದು ತೀರ್ಮಾನಕ್ಕೆ ಬಂದಿದ್ದ: ಜಗತ್ತಿನಲ್ಲಿ ಇವರಷ್ಟು ಸುಲಭವಾಗಿ ಮೋಸ ಹೋಗುವವರು ಬೇರೆ ಇಲ್ಲ. ಇವರಿಗೆ ಸಾಕ್ಷಿ ಬೇಡ, ವಿಚಾರಣೆ ಬೇಡ. ಏನಾದರೂ ಒಂದು ಬಿದ್ದರೆ ಸಾಕು, ಅದು ಮೇಲಿನಿಂದಲೇ ಬಿತ್ತು ಎಂದು ನಂಬುತ್ತಾರೆ.

ಅವನ ಸ್ವಂತ ಮನೆಯಲ್ಲಿಯೇ ಒಂದು ಮಾದರಿ ಇತ್ತು. ಹೆಂಡತಿ ಗ್ಲಾಡಿಸ್, ಮೀನು ಮಾರುವ ಕುಮುದಿನಿ ಎಣಿಕೆ ತಪ್ಪಿ ಒಂದು ಬಂಗುಡೆ ಹೆಚ್ಚಿಗೆ ಹಾಕಿ ಹೋದರೆ, ಅದನ್ನು ಹಾಳೆಯಲ್ಲಿ ಸುತ್ತಿಕೊಂಡು ಕೊಡಿಯಾಲ್‌ಬೈಲಿನ ಆ ಟ್ರಾಫಿಕ್ಕಿನಲ್ಲಿ ಅವಳ ಹಿಂದೆ ಓಡುತ್ತಿದ್ದಳು. "ಒಂದು ಬಂಗುಡೆಗೆ ದೇವರು ಲೆಕ್ಕ ಕೇಳ್ತಾನೆಯಾ?" ಎಂದು ವಾಲ್ಟರ್ ಕೇಳಿದರೆ, "ಕೇಳ್ಳಿಕ್ಕಿಲ್ಲ. ಆದ್ರೆ ಅವನಿಗೆ ಗೊತ್ತುಂಟಲ್ಲ" ಎಂದು ಏದುಸಿರು ಬಿಡುತ್ತ ಉತ್ತರಿಸುತ್ತಿದ್ದಳು. ಅವಳ ಬದುಕೆಲ್ಲ ಹೀಗೆ, ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಎಂಬಂತೆ ನಡೆಯುತ್ತಿತ್ತು. ವಾಲ್ಟರ್ ಅದನ್ನು ಕಾಯಿಲೆ ಎಂದು ಪರಿಗಣಿಸಿದ್ದ. ಕಾಯಿಲೆಯವರು ಅಡುಗೆ ಚೆನ್ನಾಗಿ ಮಾಡುತ್ತಾರೆ ಎಂಬ ಕಾರಣಕ್ಕೆ ಸಹಿಸಿಕೊಂಡಿದ್ದ.

ಈಗ ಆ ಹಳೆಯ ವಿಷಯಕ್ಕೆ ಬರೋಣ. 2004ರ ಜೂನ್ ತಿಂಗಳಲ್ಲಿ ಚರ್ಚಿನ ವೆಸ್ಟ್ರಿಯಿಂದ, ಅಂದರೆ ಪಾಸ್ಟರು ನಿಲುವಂಗಿ ತೊಡುವ ಪಕ್ಕದ ಕೋಣೆಯಿಂದ, ಕರ್ತನ ಭೋಜನದಲ್ಲಿ ದ್ರಾಕ್ಷಾರಸ ಕೊಡುವ ಬೆಳ್ಳಿ ಬಟ್ಟಲು ಕಾಣೆಯಾಯಿತು. ನೂರು ವರ್ಷಕ್ಕಿಂತ ಹಿಂದೆ ಜರ್ಮನಿಯಿಂದ ಹಡಗಿನಲ್ಲಿ ಬಂದದ್ದು, ಗೇಣುದ್ದದ್ದು, ಕಾಲಿನ ಸುತ್ತ ದ್ರಾಕ್ಷಿ ಬಳ್ಳಿಯ ಕೆತ್ತನೆಯಿದ್ದದ್ದು. ಅದನ್ನಿಡುತ್ತಿದ್ದ ಬೀರುವಿಗೆ ಎರಡೇ ಬೀಗದ ಕೈ. ಒಂದು, ಗಂಟೆ ಬಾರಿಸಿ ಬಾಗಿಲು ತೆರೆಯುತ್ತಿದ್ದ ಬೆಂಜಮಿನನ ಬಳಿ. ಇನ್ನೊಂದು, ಹಾಡಿನ ಪುಸ್ತಕಗಳನ್ನೂ ಅದೇ ಬೀರುವಿನಲ್ಲಿ ಇಡುತ್ತಿದ್ದ ಕಾರಣ, ಗಾಯಕವೃಂದದ ಮುಖ್ಯಸ್ಥ ವಾಲ್ಟರನ ಬಳಿ. ಒಬ್ಬ ಗಂಟೆ ಬಾರಿಸುವವನು, ಇನ್ನೊಬ್ಬ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ಟ್ರು. ಸಭೆಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. ದೇವರ ಮನೆಯ ವಿಷಯ ಠಾಣೆಗೆ ಬೇಡ, ಕದ್ದವನನ್ನು ಕರ್ತನೇ ನೋಡಿಕೊಳ್ಳುತ್ತಾನೆ ಎಂದು ದೊಡ್ಡ ಮನಸ್ಸು ಮಾಡಿದರು. ಕರ್ತನಿಗೆ ಸಮಯ ಸಿಗುವವರೆಗೆ ಬೆಂಜಮಿನನ ಕೆಲಸವನ್ನೂ ಅವನಿದ್ದ ಚರ್ಚಿನ ಮನೆಯನ್ನೂ ತಾವೇ ಕಿತ್ತುಕೊಂಡರು. ಅವನು ಹೆಂಡತಿ ವಿನೋದಾಳನ್ನು ಕರೆದುಕೊಂಡು ಕೂಳೂರು ಸೇತುವೆಯಾಚೆ ಸಣ್ಣ ಹಂಚಿನ ಮನೆಗೆ ಹೋದ, ಒಂದು ಗೋದಾಮಿನ ಕಾವಲಿಗೆ ನಿಂತ, ಎಂಟು ವರ್ಷದ ಹಿಂದೆ ತೀರಿಕೊಂಡ. ಸಾಯುವವರೆಗೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಬಟ್ಟಲನ್ನು ತೆಗೆದವನು ವಾಲ್ಟರ್. ಮಾರುವುದಕ್ಕಲ್ಲ, ಹಣದ ಆಸೆ ಅವನಿಗಿರಲಿಲ್ಲ, ಮತ್ತು ಆ ಬಗ್ಗೆ ಅವನಿಗೆ ಸಾಕಷ್ಟು ಹೆಮ್ಮೆ ಇತ್ತು. ಅವನು ತೆಗೆದದ್ದು ಪರೀಕ್ಷೆಗಾಗಿ. ಒಂದು ಭಾನುವಾರ ಆಗಿನ ಪಾಸ್ಟರು, ದೇವರ ವಸ್ತುವನ್ನು ಮುಟ್ಟಿದವನ ಕೈ ಒಣಗುತ್ತದೆ ಎಂದು ಪ್ರಸಂಗ ಮಾಡಿದ್ದರು. ವಾಲ್ಟರ್ ಮುಟ್ಟಿದ. ಒಣಗಲಿಲ್ಲ. ಮನೆಗೆ ತಂದು ಅದರಲ್ಲಿ ಬ್ರಾಂಡಿ ಹಾಕಿ ಕುಡಿದ. ಅಂದು ಎಂದಿಗಿಂತ ಚೆನ್ನಾಗಿ ನಿದ್ದೆ ಬಂತು. ಆಮೇಲೆ ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಹಾಡಿಸಿ ದಣಿದು ಬಂದು, ಕೋಣೆಯ ಬಾಗಿಲು ಹಾಕಿಕೊಂಡು ಅದೇ ಬಟ್ಟಲಿನಲ್ಲಿ ಎರಡು ಗುಟುಕು ಹಾಕುವುದನ್ನು ವ್ರತ ಮಾಡಿಕೊಂಡ. ಇಪ್ಪತ್ತು ಶುಭ ಶುಕ್ರವಾರಗಳು ಕಳೆದವು. ಅವನಿಗೆ ಶಾಲೆಯಲ್ಲಿ ಬಡ್ತಿ ಸಿಕ್ಕಿತು, ಮಗಳಿಗೆ ಒಳ್ಳೆಯ ಕಡೆ ಮದುವೆಯಾಯಿತು, ಹೋದ ವರ್ಷ ಅಪ್ಪನ ಕಾಲದ ಮನೆ ಬಿಟ್ಟು ಕೊಡಿಯಾಲ್‌ಬೈಲಿನಲ್ಲಿ ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ಬಂದದ್ದೂ ಆಯಿತು. ಹಳೆಯದೊಂದೂ ಹೊಸ ಮನೆಗೆ ಬರಕೂಡದು ಎಂದು ಗ್ಲಾಡಿಸಳಿಗೆ ಕಟ್ಟಪ್ಪಣೆ ಮಾಡಿ, ಬಟ್ಟಲೊಂದನ್ನು ಮಾತ್ರ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇಟ್ಟು ತಾನೇ ಹೊತ್ತು ತಂದ. ಬೆಂಜಮಿನನ ವಿಷಯ? ಅದು ಪರೀಕ್ಷೆಯ ಭಾಗವಾಗಿರಲಿಲ್ಲ. ನಿರಪರಾಧಿಯ ಪಕ್ಷ ವಹಿಸಬೇಕಾದವನು ಸುಮ್ಮನಿದ್ದ ಮೇಲೆ ತಾನು ಬಾಯಿ ಬಿಡುವುದು ಅಧಿಕಪ್ರಸಂಗ ಎಂದು ವಾಲ್ಟರ್ ಭಾವಿಸಿದ್ದ.

ಎಲ್ಲ ಹೀಗೆಯೇ ಸಾಗುತ್ತಿತ್ತು. ಆದರೆ ಈ ವರ್ಷ ಡಿಸೆಂಬರಿನಲ್ಲಿ ಚರ್ಚಿಗೆ ನೂರಿಪ್ಪತ್ತೈದು ತುಂಬುತ್ತದೆ, ಸೇವೆ ಮಾಡಿದವರ ಹೆಸರನ್ನೆಲ್ಲ ಒಂದು ಅಮೃತಶಿಲೆಯ ಫಲಕದಲ್ಲಿ ಕೆತ್ತಿಸೋಣ ಎಂದಾಯಿತು. ವಾಲ್ಟರನ ಹೆಸರು ಮೇಲಿನಿಂದ ನಾಲ್ಕನೆಯದು. ಆಗ ವಿನೋದಾ ಎದ್ದು ನಿಂತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಬೇಡಿಕೆ ಇಟ್ಟಳು: "ನಮ್ಮವರು ಹದಿನೇಳು ವರ್ಷ ಗಂಟೆ ಬಾರಿಸಿದ್ದಾರೆ. ಅವರ ಹೆಸರೂ ಬರಬೇಕು. ಅವರು ಕದಿಯಲಿಲ್ಲ." ಅಷ್ಟೇ ಹೇಳಿ ಕೂತಳು.

ಹೊಸದಾಗಿ ಬಂದ ಪಾಸ್ಟರ್ ರೋಷನ್ ಎಳೆಯ ವಯಸ್ಸಿನವರು, ಯಾವುದನ್ನೂ ಹಾಗೇ ಬಿಡುವ ಜಾಣತನ ಇನ್ನೂ ಬಂದಿರಲಿಲ್ಲ. ಮುಚ್ಚಿಹೋದದ್ದನ್ನು ಕರ್ತನು ಬಯಲಿಗೆ ತರಲಿ ಎಂದು ಪ್ರತಿ ಬುಧವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ಉಪವಾಸ ಪ್ರಾರ್ಥನೆ ಇಟ್ಟರು. ಮೊದಲ ಬುಧವಾರ ಹನ್ನೆರಡು ಜನ, ಎರಡನೆಯ ಬುಧವಾರ ನಲವತ್ತು. ಮೂರನೆಯ ಬುಧವಾರ ಪ್ರಾರ್ಥನೆ ಮುಗಿದ ಮೇಲೆ ಎಡ್ವಿನ್ ಮಾಸ್ಟ್ರು ಕಾಲು ಎಳೆಯುತ್ತ ವಾಲ್ಟರನ ಬಳಿ ಬಂದು, "ಬೆಂಜಮಿನ್ ಅಲ್ಲ ಅಂತ ಆದ್ರೆ ಮತ್ತೆ ಯಾರು ಮಾರಾಯ? ಎರಡೇ ಕೀ ಅಲ್ವಾ ಇದ್ದದ್ದು?" ಎಂದು, ಹೇಳಿದ ಮೇಲೆ ಹೇಳಿದ್ದರ ಅರ್ಥ ಹೊಳೆದು, ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ಅಂದು ವಾಲ್ಟರ್ ಯಾರ ಕೈಯನ್ನೂ ಕುಲುಕದೆ ಮನೆಗೆ ಹೊರಟ. ದೇವರ ಭಯವಲ್ಲ. ಫಲಕದಲ್ಲಿ ಬೆಂಜಮಿನನ ಹೆಸರು ಬಂದ ದಿನ ಅವನ ಹೆಸರು ಅಲ್ಲಿಂದ ಬೀಳುತ್ತದೆ. ಮೂವತ್ತು ವರ್ಷ ಅವನ ಕೈ ಎದ್ದರೆ ಹಾಡಿ ಕೈ ಇಳಿದರೆ ನಿಲ್ಲಿಸುತ್ತಿದ್ದ ಜನ ಅವನನ್ನು ನೋಡಿ "ಹಾಂ" ಎನ್ನುತ್ತಾರೆ. ಆ "ಹಾಂ" ಅನ್ನು ಕೇಳಿಸಿಕೊಂಡು ಬದುಕುವ ಯೋಚನೆ ಬಂದಾಗ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಬಟ್ಟಲನ್ನು ಸೇತುವೆಯಿಂದ ಹೊಳೆಗೆ ಎಸೆಯಬಹುದಿತ್ತು. ದಡ್ಡನಾಗಿದ್ದರೆ ಹಾಗೆಯೇ ಮಾಡುತ್ತಿದ್ದ. ಎಸೆದರೆ ಪ್ರಶ್ನೆ ಉಳಿಯುತ್ತದೆ. ಇವರು ಇನ್ನೂ ನೂರು ಬುಧವಾರ ಉಪವಾಸ ಮಾಡುತ್ತಾರೆ. ಇವರಿಗೆ ಬೇಕಾದದ್ದು ಉತ್ತರ. ಕೇಳಿದ್ದು ದೇವರನ್ನು, ಸರಿ. ದೇವರು ಬಿಡುವಿಲ್ಲದವನು, ಅವನ ಪರವಾಗಿ ವಾಲ್ಟರ್ ಉತ್ತರ ಕೊಡುತ್ತಾನೆ. ಬಟ್ಟಲು ಬೆಂಜಮಿನನ ಮನೆಯಲ್ಲಿಯೇ, ಅವನ ಸ್ಮರಣೆಯ ದಿನವೇ, ಇಡೀ ಸಭೆಯ ಕಣ್ಣೆದುರೇ ಹೊರಗೆ ಬೀಳಬೇಕು. ಉಪವಾಸ ಕೂತು ಬೇಡಿದವರು ತಮ್ಮ ಪ್ರಾರ್ಥನೆಗೆ ಸಿಕ್ಕ ಉತ್ತರವನ್ನು ಅನುಮಾನಿಸುವುದಿಲ್ಲ. ಯಾರಿಗಾದರೂ ಅನುಮಾನ ಬಂದರೂ ದೇವರ ಮೇಲೆ ಕೇಸು ಹಾಕುವವರುಂಟೇ? ಯೋಜನೆ ತಲೆಗೆ ಬಂದ ದಿನ ವಾಲ್ಟರ್ ಎಷ್ಟು ಖುಷಿಯಲ್ಲಿದ್ದನೆಂದರೆ ಗ್ಲಾಡಿಸಳಿಗೆ ಸಾರು ಚೆನ್ನಾಗಿದೆ ಎಂದು ಹೇಳಿಬಿಟ್ಟ.

ಬೆಂಜಮಿನನ ಸ್ಮರಣೆಯ ಕೂಟ ಆಗಸ್ಟ್ ತಿಂಗಳ ಮೂರನೆಯ ಶನಿವಾರ, ಸಂಜೆ ನಾಲ್ಕಕ್ಕೆ, ವಿನೋದಾಳ ಮನೆಯಲ್ಲಿ. ಅದರ ವ್ಯವಸ್ಥೆ ಮಾತಾಡಲು ಪಾಸ್ಟರ್ ಹೊರಟಾಗ ವಾಲ್ಟರ್ ತಾನೂ ಬರುತ್ತೇನೆಂದ; ಹಾರ್ಮೋನಿಯಂಗೆ ಜಾಗ ನೋಡಬೇಕಲ್ಲ. ಇಪ್ಪತ್ತು ವರ್ಷದ ಹಿಂದೆ ಒಮ್ಮೆ, ಬಟ್ಟಲು ಕಾಣೆಯಾದ ವಾರ, ಸಭೆಯ ಮೂವರು ಬೆಂಜಮಿನನ ಮನೆ ಜಾಲಾಡಲು ಹೋದಾಗ ಆ ಮೂವರಲ್ಲಿ ವಾಲ್ಟರ್ ಒಬ್ಬ. ಅಂದು ಕಿಟಕಿಯ ಕೆಳಗೆ ಒಂದು ಮರದ ಅಕ್ಕಿ ಪೆಟ್ಟಿಗೆ ಇತ್ತು. ಅವನು ಅಂಗಿಯ ತೋಳು ಮಡಚಿ ಮೊಣಕೈ ತನಕ ಕುಚ್ಚಲಕ್ಕಿಯೊಳಗೆ ಕೈ ಹಾಕಿ ತಡಕಾಡಿದ್ದ. ಬೆಂಜಮಿನ್ ಗೋಡೆಗೊರಗಿ ನಿಂತು ಅಳುತ್ತಿದ್ದ. ಕೈಗೆ ಅಂಟಿದ ತೌಡು ತೊಳೆಯಲು ವಿನೋದಾಳೇ ಚೆಂಬಿನಲ್ಲಿ ನೀರು ಕೊಟ್ಟಿದ್ದಳು.

ಆ ಪೆಟ್ಟಿಗೆ ಈಗಲೂ ಇತ್ತು. ಚರ್ಚಿನ ಮನೆ ಬಿಡುವಾಗ ಹೊತ್ತು ತಂದಿರಬೇಕು. ಈಗ ಒಳಗೋಡೆಗೆ ಒತ್ತಿ ಇಟ್ಟು, ಮೇಲೆ ಕೈಯಲ್ಲಿ ಹೆಣೆದ ಬಿಳಿ ಲೇಸಿನ ಬಟ್ಟೆ ಹಾಸಿ, ಅದರ ಮೇಲೆ ಬೆಂಜಮಿನನ ಫೋಟೋ ಇಟ್ಟಿದ್ದಳು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಒಬ್ಬಂಟಿ ಹೆಂಗಸು ಎಲ್ಲಿಗೆ ಅಲುಗಿಸುತ್ತಾಳೆ? ಪಾಸ್ಟರ್ ಕೀರ್ತನೆಗಳನ್ನು ಗುರುತು ಹಾಕುತ್ತಿದ್ದಾಗ ವಾಲ್ಟರ್ ಬೆರಳಗಂಟಿನಿಂದ ಪೆಟ್ಟಿಗೆಯ ಬದಿಯನ್ನು ಕುಟ್ಟಿ ನೋಡಿದ. ಮೇಲೆಲ್ಲ ಒಂದು ಸದ್ದು, ಬುಡದ ಹತ್ತಿರ ಬೇರೆ ಸದ್ದು. ತಳಕ್ಕೂ ಒಳಗಿನ ಅಡಿಹಲಗೆಗೂ ನಡುವೆ ಅರ್ಧ ಗೇಣು ಟೊಳ್ಳು. ಅಕ್ಕಿಗೆ ನೆಲದ ತೇವ ತಾಗದಿರಲೆಂದು ಹಿಂದೆ ಹಾಗೆ ಮಾಡುತ್ತಿದ್ದರು. ಅವನಿಗೆ ದೇವರಲ್ಲಿ ನಂಬಿಕೆ ಇದ್ದಿದ್ದರೆ ಅಲ್ಲಿಯೇ ಸ್ತೋತ್ರ ಹೇಳುತ್ತಿದ್ದ.

ಮುಂದಿನ ತಯಾರಿಯನ್ನು ಅವನು ಈಸ್ಟರ್ ಹಾಡಿಗೆ ನಾಲ್ಕು ದನಿ ಹೊಂದಿಸುವಷ್ಟು ಶ್ರದ್ಧೆಯಿಂದ ಮಾಡಿದ. ಬಟ್ಟಲನ್ನು ತೊಳೆದು, ಬೆಳಗಿನ ತಿಂಡಿಗೆ ಬಂದ ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು, ಹೊಳಪು ಕಳೆದು ಕಪ್ಪಾಗಿಸಿದ. ಅದನ್ನು ಸುತ್ತುವುದಕ್ಕೆ ಸಭೆಯ ಮಾಸಪತ್ರಿಕೆಯ 2004ರ ಜೂನ್ ಸಂಚಿಕೆ. ಅದರಲ್ಲಿ ಅವನದೇ ಲೇಖನ ಇದ್ದ ಕಾರಣ ಜೋಪಾನ ಮಾಡಿಟ್ಟಿದ್ದ. ವಿಳಾಸದ ಚೀಟಿ ಅಂಟಿಸಿದ್ದ ಮೂಲೆಯನ್ನು ಮೊದಲೇ ಹರಿದು ಸುಟ್ಟ. ಅಂಥ ಚೀಟಿಗಳಿಂದಲೇ ದಡ್ಡರು ಸಿಕ್ಕಿಬೀಳುವುದು ಎಂದು ಅವನಿಗೆ ಗೊತ್ತಿತ್ತು. ಗಂಟೆಗೋಪುರದ ಅಟ್ಟದಿಂದ ಒಂದು ಡಬ್ಬಿ ತುಂಬ ಹಳೆಯ ಧೂಳು ತಂದ, ಜೇಡರ ಬಲೆ ಸಮೇತ. ಹಳೆಯ ಮನೆ ಕೆಡವುವಾಗ ಸಿಕ್ಕ ತುಕ್ಕು ಹಿಡಿದ ಆಣಿ ನಾಲ್ಕನ್ನು ಜೇಬಿಗೆ ಹಾಕಿಕೊಂಡ. ಕೈಗೆ ತೊಡಲು ಗ್ಲಾಡಿಸ್ ಪಾತ್ರೆ ತಿಕ್ಕುವ ರಬ್ಬರ್ ಗ್ಲೌಸ್ ಸಾಕಾಯಿತು. ಅದನ್ನು ಹುಡುಕಲು ಅಡಿಗೆಮನೆಗೆ ಕಾಲಿಟ್ಟಾಗ ಅವಳು ಹೌಹಾರಿ, "ಎಂತ ಬೇಕು ನಿಮಗೆ ಇಲ್ಲಿ?" ಎಂದು ಕೇಳಿದಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವನು ಅಡಿಗೆಮನೆಗೆ ಬಂದದ್ದು, ಹಳೆಯ ಮನೆ ಹೊಸ ಮನೆ ಎರಡೂ ಸೇರಿ, ನಾಲ್ಕೈದು ಸಲ ಇರಬಹುದು. ಅಪ್ಪನೂ ಬರುತ್ತಿರಲಿಲ್ಲ. ಅನ್ನ ಬರುವುದು ಊಟದ ಮೇಜಿಗೆ. ಅದು ಎಲ್ಲಿಂದ ಬರುತ್ತದೆ ಎಂದು ಗಂಡಸರು ಹೋಗಿ ನೋಡುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ.

ಸ್ಮರಣೆಗೆ ಮೊದಲಿನ ಬುಧವಾರ ನಲವತ್ತು ಜನರ ಜೊತೆ ವಿನೋದಾ ಚರ್ಚಿನಲ್ಲಿ ಮೊಣಕಾಲೂರಿದ್ದಾಗ, ವಾಲ್ಟರ್ ಹೊಟ್ಟೆ ತುಂಬ ನೀರುದೋಸೆ ತಿಂದು ಕೂಳೂರಿಗೆ ಬಸ್ಸು ಹತ್ತಿದ. ಕಾರು ಬೇಡ, ಕಾರಿಗೆ ನಂಬರ್ ಇರುತ್ತದೆ. ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ಅರ್ಧ ಗಂಟೆ ಬಸ್ಸು ನಿಂತಿತು. ಅವನು ಅದನ್ನೂ ಲೆಕ್ಕ ಹಾಕಿಯೇ ಹೊರಟಿದ್ದ. ವಿನೋದಾಳ ಹಿಂಬಾಗಿಲಿಗೆ ಬೀಗವಿಲ್ಲ ಎಂಬುದು ಸಭೆಗೆಲ್ಲ ಗೊತ್ತು. ಮನೆ ಜಾಲಾಡಿದ ದಿನದಿಂದ ಅವಳು ಬೀಗ ಹಾಕಿದವಳಲ್ಲ. "ನಮ್ಮಲ್ಲಿ ಅಡಗಿಸಿಟ್ಟದ್ದು ಏನೂ ಇಲ್ಲ. ಯಾರು ಬೇಕಾದ್ರೂ ಬಂದು ನೋಡ್ಲಿ, ದೇವರೂ ನೋಡ್ಲಿ" ಎನ್ನುತ್ತಿದ್ದಳಂತೆ. ಇದನ್ನು ಕೇಳಿ ಕಣ್ಣೊರೆಸಿಕೊಂಡ ಹೆಂಗಸರಿದ್ದರು. ವಾಲ್ಟರ್ ಚಿಲಕ ತೆಗೆದು ಒಳಗೆ ಹೋದ.

ಫೋಟೋ ಇಳಿಸಿದ, ಲೇಸಿನ ಬಟ್ಟೆ ಮಡಚಿಟ್ಟ, ಮುಚ್ಚಳ ಎತ್ತಿದ. ಒಳಗೆ ಅಕ್ಕಿ ಇರಲಿಲ್ಲ. ಒಂದೆರಡು ಹೊದಿಕೆ, ಬೆಂಜಮಿನನ ಕೋಟು. ಅವನ್ನು ಹೊರಗಿಟ್ಟು ಅಡಿಹಲಗೆಯ ಒಂದು ಪಟ್ಟಿಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದ. ಹಳೆಯ ಆಣಿಗಳು ಗೊಣಗುತ್ತ ಬಂದವು. ಟೊಳ್ಳಿನಿಂದ ಹುಳಿಯ ಹಳೆಯ ವಾಸನೆ ಬಂತು, ಮೂಲೆಯಲ್ಲಿ ಎರಡು ಹುಣಸೆ ಬೀಜ. ಯಾಕೋ ಒಮ್ಮೆಲೇ ತಾಯಿಯ ನೆನಪಾಯಿತು, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಹೊರಗೆ ಬರುತ್ತಿದ್ದ ಹೆಂಗಸಿನದು. ಇಂಥ ಹೊತ್ತಿನಲ್ಲಿ ಎಂಥ ನೆನಪು ಎಂದು ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡ. ಬೀಜಗಳನ್ನು ಅಲ್ಲಿಯೇ ಬಿಟ್ಟ. ಅವಿದ್ದರೆ ಜಾಗ ಹಳೆಯದೆಂದು ಇನ್ನಷ್ಟು ನಂಬಿಕೆ ಬರುತ್ತದೆ. ಕಾಗದದಲ್ಲಿ ಸುತ್ತಿದ ಬಟ್ಟಲನ್ನು ಮಲಗಿಸಿ, ಧೂಳು ಉದುರಿಸಿ, ಬಲೆ ಹರಡಿ, ಪಟ್ಟಿಯನ್ನು ಮುಚ್ಚಿ, ತುಕ್ಕಿನ ಆಣಿಗಳನ್ನು ಹಳೆಯ ತೂತುಗಳಿಗೇ ಒತ್ತಿದ. ಪೆಟ್ಟಿಗೆ ವಾಲಿಸಿದರೆ ಬಟ್ಟಲು ಉರುಳಿ ಸದ್ದಾಗಬೇಕು. ವಾಲಿಸಿ ನೋಡಿದ, ಸದ್ದಾಯಿತು. ಕೋಟು, ಹೊದಿಕೆ, ಬಟ್ಟೆ, ಫೋಟೋ ಎಲ್ಲ ಇದ್ದಲ್ಲಿಗೆ ಬಂದವು. ಒಟ್ಟು ಇಪ್ಪತ್ತೆರಡು ನಿಮಿಷ. ವಾಪಸು ಬರುವಾಗ ಚರ್ಚಿಗೂ ಹೋಗಿ ಕಡೆಯ ಬೆಂಚಿನಲ್ಲಿ ನಿಂತು ಕೊನೆಯ ಪ್ರಾರ್ಥನೆಗೆ ಆಮೆನ್ ಹೇಳಿದ. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದ.

ಶನಿವಾರ ಆ ಸಣ್ಣ ಮನೆಯಲ್ಲಿ ಮೂವತ್ತು ಜನ. ಗ್ಲಾಡಿಸ್ ಬಂದ ಕೂಡಲೇ ಚಪ್ಪಲಿ ಬಿಟ್ಟು ಹಿಂದಿನಿಂದಲೇ ಅಡಿಗೆಮನೆ ಸೇರಿದಳು. ಅಷ್ಟು ಜನಕ್ಕೆ ಚಾ, ಶೀರ ಆಗಬೇಕಿತ್ತು; ಸ್ಟವ್ವಿನ ಸದ್ದಿನಲ್ಲಿ ನಡುಮನೆಯ ಮಾತು ಅಲ್ಲಿಗೆ ಕೇಳುವಂತಿರಲಿಲ್ಲ. ಮೊದಲ ಹಾಡಿಗೆ ಮುಂಚೆ ವಾಲ್ಟರ್ ಸುತ್ತ ನೋಡಿ, ಹಾರ್ಮೋನಿಯಂಗೆ ಜಾಗ ಸಾಲುವುದಿಲ್ಲ, ಈ ಪೆಟ್ಟಿಗೆಯನ್ನು ಒಂದಿಷ್ಟು ಆಚೆ ಸರಿಸುವಾ ಎಂದ. ಎಡ್ವಿನ್ ಮಾಸ್ಟ್ರ ಮಗನೂ ಪಾಸ್ಟರೂ ಎರಡು ಬದಿ ಹಿಡಿದು ಎತ್ತಿದರು. ಒಳಗೆ ಏನೋ ಉರುಳಿ ಠಣ್ಣೆಂದಿತು. "ಎಂತದು ಅದು?" ಎಂದು ಯಾರೋ ಕೇಳಿದರು. ವಾಲ್ಟರ್ ಹಿಂದೆ ಸರಿದು ನಿಂತ. ದೇವರ ಕೆಲಸಕ್ಕೆ ಮನುಷ್ಯನು ಕೈ ಹಾಕಬಾರದು.

ಬಟ್ಟೆಬರೆ ಹೊರಗೆ ಬಂತು, ಪಟ್ಟಿ ಎದ್ದಿತು, ಧೂಳು ಹಾರಿತು, ಕಾಗದದ ಸುತ್ತು ಬಿಚ್ಚಿ ಕಪ್ಪಾದ ಬಟ್ಟಲು ಪಾಸ್ಟರರ ಕೈಯಲ್ಲಿ ಹೊರಗೆ ಬಂತು. ಪೆಟ್ಟಿಗೆಯಲ್ಲಿ ಇನ್ನೇನಾದರೂ ಇದೆಯೋ ಎಂದು ಅದನ್ನು ಬೋರಲು ಹಾಕಿದರು. ಎರಡು ಹುಣಸೆ ಬೀಜ ಬಿದ್ದವು. ಎಡ್ವಿನ್ ಮಾಸ್ಟ್ರು "ಕರ್ತನೇ" ಎಂದು ಕುರ್ಚಿಗೆ ಕುಸಿದರು. ಒಬ್ಬಿಬ್ಬರು ಹೆಂಗಸರು ಅಳಲಾರಂಭಿಸಿದರು, ಬಾಗಿಲ ಬಳಿಯಿಂದ ವಾಲ್ಟರ್ ಕಾಯುತ್ತಿದ್ದ ಆ "ಹಾಂ" ಕೇಳಿಸಿತು. ಈ ಸಲ ಅದು ವಿನೋದಾಳ ಕಡೆಗೆ. ಅವಳು ಮಾತ್ರ ಫೋಟೋವನ್ನು ಎದೆಗವಚಿಕೊಂಡು ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ಬಟ್ಟಲನ್ನಲ್ಲ.

ಈಗ ವಾಲ್ಟರನ ಸರದಿ. ತಗ್ಗಿದ ದನಿಯಲ್ಲಿ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಆರಂಭಿಸಿದ. ಆದರೆ ಸತ್ಯ ನಮ್ಮೆದುರಿಗಿದೆ. ಕಾಗದ ನೋಡಿ, ಬಟ್ಟಲು ಹೋದ ತಿಂಗಳಿನದೇ. ಆಣಿ ನೋಡಿ, ಧೂಳು ನೋಡಿ. ಇಪ್ಪತ್ತು ವರ್ಷದಿಂದ ಈ ಹಲಗೆಯನ್ನು ಯಾರೂ ಮುಟ್ಟಿಲ್ಲ. ನಾಳೆ ಯಾರೂ ಬೇರೆ ಮಾತು ಹುಟ್ಟಿಸಬಾರದು, ಈಗಲೇ ಬರೆದು ಎಲ್ಲರೂ ಸೈನ್ ಹಾಕುವಾ ಎಂದು ತಾನೇ ಒಂದು ಹಾಳೆ ತೆಗೆದ. ಬೆಂಜಮಿನನ ಹೆಸರನ್ನು ಬರೆಯುವಲ್ಲಿ ಪೆನ್ನು ತಡೆದ. ವಿಧವೆಯ ಎದುರಿಗೆ ಅಷ್ಟು ಕಠಿಣವಾಗುವುದು ಒಬ್ಬ ಹಿರಿಯನಿಗೆ ಶೋಭೆಯಲ್ಲ. ಹೆಸರಿಲ್ಲದೆಯೂ ಅರ್ಥ ಆಗುತ್ತದೆ. ಬರೆದ: "2004ರಲ್ಲಿ ಈ ಪೆಟ್ಟಿಗೆ ಯಾರ ಮನೆಯಲ್ಲಿತ್ತೋ ಆ ಮನೆಯವರೇ ಬಟ್ಟಲನ್ನು ತೆಗೆದವರು ಎಂದು ಸಭೆಯು ದುಃಖದಿಂದ ತೀರ್ಮಾನಿಸುತ್ತದೆ." ತನ್ನ ದಯೆಗೆ ತಾನೇ ಕೊಂಚ ಮರುಳಾದ.

"ಬರೆದಾಯ್ತಾ ವಾಲ್ಟರಣ್ಣ?" ವಿನೋದಾ ಮೊದಲ ಸಲ ಬಾಯಿ ತೆರೆದಳು. "ದೊಡ್ಡದಾಗಿ ಒಮ್ಮೆ ಓದಿ."

ಅವನು ಓದಿದ. ಒಳ್ಳೆಯ ದನಿ ಅವನದು, ಕೋಣೆ ತುಂಬಿತು.

"ಹಲಗೆಯನ್ನು ಇಪ್ಪತ್ತು ವರ್ಷದಿಂದ ಯಾರೂ ತೆಗೀಲಿಲ್ಲ. ಅದು ಖಂಡಿತವಾ?"

"ನಾನೆಂತಕೆ ಸುಳ್ಳು ಹೇಳ್ಲಿ ವಿನೋದಾ? ಆಣಿಯೇ ಹೇಳ್ತದಲ್ಲ."

"ಹಾಗಾದ್ರೆ ಮೊದಲು ನೀವು ಸೈನ್ ಹಾಕಿ. ನೀವೇ ಹಿರಿಯರು."

ಅವನು ಹಾಕಿದ, ಅಡಿಗೆರೆ ಎಳೆದ. ಪಾಸ್ಟರ್ ಹಾಕಿದರು, ಎಡ್ವಿನ್ ಮಾಸ್ಟ್ರು ಹಾಕಿದರು. ವಿನೋದಾ ಫೋಟೋವನ್ನು ಕುರ್ಚಿಯ ಮೇಲಿಟ್ಟು, ಪೆನ್ನು ಇಸಿದುಕೊಂಡು, ತಾನೂ ಹಾಕಿದಳು. ಹಾಳೆಯನ್ನು ಮಡಚಿ ಪಾಸ್ಟರರ ಕೈಗೆ ಕೊಟ್ಟಳು. ಇಪ್ಪತ್ತು ವರ್ಷ ಎಲ್ಲವನ್ನೂ ದೇವರಿಗೆ ಬಿಟ್ಟು ಕೂತಿದ್ದವಳು ಈ ಐದು ನಿಮಿಷದ ಕೆಲಸವನ್ನು ಮಾತ್ರ ಅವನಿಗೆ ಬಿಡಲಿಲ್ಲ. ಆಮೇಲೆ ಒಳಗಿನ ಬಾಗಿಲಿಗೆ ಹೋಗಿ ಕರೆದಳು: "ಗ್ಲಾಡಿಸಕ್ಕ, ಚಾ ಮತ್ತೆ ತರುವಾ. ಒಂದು ಸಲ ಇಲ್ಲಿ ಬನ್ನಿ."

ಗ್ಲಾಡಿಸ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಟ್ಟಲು ಪಾಸ್ಟರರ ಹಿಂದೆ ಕಿಟಕಿಯ ಮೇಲಿತ್ತು, ಅವಳಿಗೆ ಕಾಣಲಿಲ್ಲ. ಕಂಡದ್ದು ನಡುಮನೆಯಲ್ಲಿ ಕಾಲು ಮೇಲಾಗಿ ಬಿದ್ದಿದ್ದ ಪೆಟ್ಟಿಗೆ. "ಅಯ್ಯೋ ದೇವರೇ, ನಮ್ಮ ಅತ್ತೆಯ ಅಕ್ಕಿ ಪೆಟ್ಟಿಗೆಯನ್ನು ಹೀಗೆ ಮಗುಚಿ ಹಾಕಿದ್ದು ಯಾರು? ವಿನೋದಾಳ ಹಳೆಯದನ್ನು ಗೆದ್ದಲು ತಿಂತು ಅಂತ ಹೋದ ವರ್ಷ ಫ್ಲ್ಯಾಟಿಗೆ ಬರುವಾಗ ನಾನೇ ಚರ್ಚಿನ ಬೆಳೆ ಹಬ್ಬದ ಮಾರಾಟಕ್ಕೆ ಕೊಟ್ಟು ಅವಳಿಗೆ ಸಿಗುವ ಹಾಗೆ ಮಾಡಿದ್ದು. ಆ ಅಡಿಹಲಗೆ ಯಾಕೆ ಕಿತ್ತಿದ್ದೀರಿ? ಅತ್ತೆ ಅದರ ಕೆಳಗೆ ಹುಣಸೆಹುಳಿ ಇಡ್ತಾ ಇದ್ರು, ಅವರು ತೀರಿಹೋದ ಮೇಲೆ ಅದನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದದ್ದಿಲ್ಲ." ಪಾಸ್ಟರ್ ಕೈಯಲ್ಲಿದ್ದ ಹಾಳೆಯನ್ನು ಬಿಡಿಸಿ ಕೊನೆಯ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದರು, ಕೆಳಗಿನ ಮೊದಲ ಸೈನ್ ನೋಡಿದರು, ಆಮೇಲೆ ವಾಲ್ಟರನನ್ನು. ಗ್ಲಾಡಿಸ್ ಗಂಡನ ಮುಖ ನೋಡಿ ಗಲಿಬಿಲಿಗೊಂಡು, "ನಿಮಗೆ ಗುರ್ತ ಸಿಗ್ಲಿಲ್ವಾ? ನಮ್ಮ ಅಡಿಗೆಮನೆಯಲ್ಲೇ ಇತ್ತಲ್ಲ" ಎಂದು ಕೇಳಿದಳು. ಹುಟ್ಟಿದಾಗಿನಿಂದ ಆ ಪೆಟ್ಟಿಗೆಯ ಅಕ್ಕಿಯ ಅನ್ನ ಉಂಡವನು ಅದನ್ನು ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ.